ಕನ್ನಡದಲ್ಲಿ ಕಾನೂನು ಪುಸ್ತಕ ಇದೆ, ನಮ್ಮನ್ನು ಆಳುವ ಕಾನೂನು ಅದರಲ್ಲಿಲ್ಲ

ಗಡಿಯಾಚೆಯ ಕನ್ನಡ ಬಂಧುಗಳೇ,

ಕಾನೂನು ಪುಸ್ತಕದ ಅಂಗಡಿಗಳಿಗೆ ಈಗ ಸುಗ್ಗಿ ಕಾಲ. 2024ರ ಜುಲೈ 1ಕ್ಕೆ ಮೂರು ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದವು. 511 ಸೆಕ್ಷನ್ನಿನ ಐಪಿಸಿ ಹೋಗಿ 358 ಸೆಕ್ಷನ್ನಿನ ಭಾರತೀಯ ನ್ಯಾಯ ಸಂಹಿತೆ ಬಂತು. ವಕೀಲರ ಕಪಾಟೆಲ್ಲ ಹೊಸದಾಯಿತು. ಅದಕ್ಕೂ ಮೊದಲೇ, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 'ಇ-ಎಸ್‌ಸಿಆರ್' ಶುರು ಮಾಡಿ ಸುಮಾರು 34,000 ತೀರ್ಪುಗಳನ್ನು ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿತು. ದುಬಾರಿ ಚಂದಾ ಕಟ್ಟಲಾಗದ ತಾಲೂಕು ಕೋರ್ಟಿನ ವಕೀಲರಿಗೆ ಇದು ದೊಡ್ಡ ಉಪಕಾರ. ಒಳ್ಳೇದಾಯ್ತು, ನಾವೂ ಒಪ್ತೀವಿ.

ಅದೇ ವರ್ಷದ ಗಣರಾಜ್ಯೋತ್ಸವದ ದಿನ ಭಾರತೀಯ ಭಾಷೆಗಳಿಗೆ ಅನುವಾದಿಸಿದ 1,268 ತೀರ್ಪುಗಳನ್ನೂ ಅಲ್ಲಿಟ್ಟರು. ಹಿಂದಿಗೆ 1,091, ಕನ್ನಡಕ್ಕೆ 17. ಆಮೇಲೆ ಕನ್ನಡದ ಸಂಖ್ಯೆ ಬೆಳೆದಿದೆ. ಆದರೆ ನಮ್ಮ ಜಗಳ ಆ ಲೆಕ್ಕದ ಬಗ್ಗೆ ಅಲ್ಲ.

ನಮ್ಮ ಜಗಳ ಬೇರೆ. ಕನ್ನಡದಲ್ಲಿ ಕಾನೂನು ಸಾಹಿತ್ಯ ಅಂತ ಏನೇನು ಬರುತ್ತೋ ಅದರಲ್ಲಿ ಎರಡೇ ಬಗೆ: ಒಂದು ಕೇಂದ್ರದ ಕಾನೂನು, ಇನ್ನೊಂದು ಕರ್ನಾಟಕದ ಕಾನೂನು. ಕನ್ನಡ ಓದುವವನು ಅಂದರೆ ಕರ್ನಾಟಕದಲ್ಲಿ ಇರುವವನು ಅಂತಲೇ ಪ್ರಕಾಶಕರೂ ಸರ್ಕಾರವೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಕಾಸರಗೋಡಿನವನಿಗೆ ಕರ್ನಾಟಕ ಭೂಕಂದಾಯ ಕಾಯ್ದೆ ಕಟ್ಟಿಕೊಂಡು ಏನಾಗಬೇಕು? ಅವನ ಜಮೀನಿಗೆ ಅನ್ವಯಿಸೋದು 1963ರ ಕೇರಳ ಭೂಸುಧಾರಣಾ ಕಾಯ್ದೆ. ಜತ್, ಅಕ್ಕಲಕೋಟೆಯವರಿಗೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆ. ತೆಲಂಗಾಣದ ನಮ್ಮವರಿಗೆ 2020ರ ಧರಣಿ ಹೋಗಿ 2025ರಲ್ಲಿ ಭೂ ಭಾರತಿ ಕಾಯ್ದೆ ಬಂತು. ಇವನ್ನೆಲ್ಲ ಕನ್ನಡದಲ್ಲಿ ತಿಳಿಸಿ ಹೇಳುವ ಒಂದು ಪುಸ್ತಕ ತೋರಿಸಿ ನೋಡೋಣ.

ಬ್ಯಾಂಕಿನ ಸಾಲದ ಮೇಜಿನ ಈ ಕಡೆ ಕೂತು ಕೆಲಸ ಮಾಡುವ ನಮ್ಮಂಥವರಿಗೆ ಇದರ ಬೆಲೆ ದಿನಾ ಕಾಣುತ್ತೆ. ಕಾಸರಗೋಡು ಕಡೆ ಕಂದಾಯ ದಾಖಲೆಯಲ್ಲಿ 'ನಿಲಂ' ಅಂತ ಬರೆದಿರುತ್ತೆ. ನೆಲ ತಾನೇ, ಅದಕ್ಕೇನು ಅಂತ ನಮ್ಮವರು ತಿಳಿದುಕೊಂಡರೆ ಕೆಟ್ಟರು. ನಿಲಂ ಅಂದರೆ ಗದ್ದೆ. ಮನೆ ಕಟ್ಟಲು 'ಪುರಯಿಡಂ' ಅಂತ ಇರಬೇಕು. ಗದ್ದೆಯಾದರೆ 2008ರ ಕೇರಳ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ. ಪರಿವರ್ತನೆಯ ಆದೇಶ ಇಲ್ಲದೆ ಮನೆ ಸಾಲ ಸಿಗಲ್ಲ. ಅಡ್ವಾನ್ಸ್ ಕೊಟ್ಟು ಜಾಗ ಹಿಡಿದ ಮೇಲೆ ಇದು ಗೊತ್ತಾದರೆ ಆ ದುಡ್ಡು ತುಂಬಿಕೊಡೋರು ಯಾರು?

ಸೊಲ್ಲಾಪುರ ಕಡೆ ಸಾತ್‌ಬಾರಾದಲ್ಲಿ 'ಇತರ ಅಧಿಕಾರ' ಅನ್ನೋ ಅಂಕಣ ಇದೆ. ಕನ್ನಡದ ಕಣ್ಣಿಗೆ ಅದು ಯಾವುದೋ ಅಧಿಕಾರಿಗೆ ಸಂಬಂಧಿಸಿದ ಮಾತಿನಂತೆ ಕಾಣುತ್ತೆ. ನಿಜಕ್ಕೂ ಜಮೀನಿನ ಮೇಲಿರುವ ಸಾಲ, ಬೇರೆಯವರ ಹಕ್ಕು ಇವೆಲ್ಲ ಬರೆಯೋದು ಅಲ್ಲೇ. ತಾಳವಾಡಿ, ಹೊಸೂರಿನಲ್ಲಿ 'ವಿಲ್ಲಂಗಂ' ಅಂದರೆ ನಮ್ಮ ಋಣಭಾರ. ಲಿಪಿ ಓದಲು ಬಂದರೂ, ಮಾತಾಡಲು ಬಂದರೂ, ಅರ್ಥ ಕೈ ಕೊಡುವುದು ಇಂಥ ಜಾಗದಲ್ಲೇ.

ಸಾಲ ಕಟ್ಟಲಾಗದೆ ಹೋದಾಗ ಇನ್ನೂ ಕಷ್ಟ. 2002ರ ಸರ್ಫೇಸಿ ಕಾಯ್ದೆಯ ಸೆಕ್ಷನ್ 13(2)ರ ನೋಟಿಸ್ ಬಂದರೆ 60 ದಿನದ ಗಡುವು. ಮುಂದೆ ಬ್ಯಾಂಕು ಆಸ್ತಿ ವಶಕ್ಕೆ ಪಡೆಯುವ ಕ್ರಮ ಕೈಗೊಂಡರೆ, ಅದರ ವಿರುದ್ಧ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ. ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಈ ಕಾಯ್ದೆ ಅನ್ವಯಿಸೋದೇ ಇಲ್ಲ ಅನ್ನುವ ರಕ್ಷಣೆ ಸೆಕ್ಷನ್ 31ರಲ್ಲಿದೆ. ಇದು ಎಷ್ಟು ಜನ ಕನ್ನಡ ರೈತರಿಗೆ ಗೊತ್ತು? ನೋಟಿಸ್ ಓದಿಸಲು ಯಾರನ್ನೋ ಹುಡುಕುವಷ್ಟರಲ್ಲಿ ಗಡುವು ಕರಗುತ್ತೆ.

ಇದಕ್ಕೆ ಮೂರು ಉತ್ತರ ನಾವು ಕೇಳಿ ಕೇಳಿ ಸಾಕಾಗಿದೆ.

ಒಂದು, "ಆ ರಾಜ್ಯದ ಭಾಷೆ ಕಲೀರಿ." ಕಲಿತಿದ್ದೀವಿ ಸ್ವಾಮಿ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಅದೇ ಆಡ್ತೀವಿ. ಆದರೆ ಕಾಯ್ದೆಯ ಮಲಯಾಳಂ ಮಲಯಾಳಿಗೇ ಕಷ್ಟ, ಕಾಯ್ದೆಯ ಕನ್ನಡ ಬೆಂಗಳೂರಿನವರಿಗೇ ಕಷ್ಟ. ಅವರಿಗೆ ಅರ್ಥ ಹೇಳುವ ಕೈಪಿಡಿಗಳಿವೆ, ನಮಗಿಲ್ಲ.

ಎರಡು, "ಅನುವಾದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ." ಸರಿ, ಸಂವಿಧಾನದ 348ನೇ ವಿಧಿಯ ಪ್ರಕಾರ ಕಾಯ್ದೆಯ ಅಧಿಕೃತ ಪಾಠ ಇಂಗ್ಲಿಷಿನದೇ. ನಾವು ಕನ್ನಡ ಪುಸ್ತಕ ಹಿಡಿದು ವಾದ ಮಾಡ್ತೀವಿ ಅಂದಿಲ್ಲ. ವಕೀಲರ ಬಳಿ ಹೋಗುವ ಮೊದಲು ಏನು ಕೇಳಬೇಕು ಅಂತ ತಿಳಿಯಬೇಕು, ಅಷ್ಟೇ.

ಮೂರು, "ಈಗ ಮೊಬೈಲೇ ಅನುವಾದ ಮಾಡುತ್ತಲ್ಲ." ಮಾಡುತ್ತೆ. ಕರಾರಿನ 'ಕನ್ಸಿಡರೇಷನ್' ಅಂದರೆ ಪ್ರತಿಫಲ, ಯಂತ್ರ ಅದನ್ನ 'ಪರಿಗಣನೆ' ಅಂದೀತು. 'ಲೀವ್ ಗ್ರಾಂಟೆಡ್' ಅಂದರೆ ಮೇಲ್ಮನವಿಗೆ ಅನುಮತಿ ಕೊಟ್ಟಿದೆ ಅಂತ, ಯಂತ್ರ 'ರಜೆ ಮಂಜೂರು' ಅಂದೀತು. ಕ್ರಯಪತ್ರದಲ್ಲಿ ಇಂಥ ತಪ್ಪಾದರೆ ನಗುವವರು ನಾವಾಗಿರಲ್ಲ.

ಹಾಗಾದರೆ ಯಾರು ತಡೆದಿದ್ದಾರೆ? ಕಾನೂನಂತೂ ತಡೆದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಆರ್) ಓದಿ ನೋಡಿ. ಯಾವುದೇ ಶಾಸಕಾಂಗದ ಕಾಯ್ದೆಯನ್ನಾಗಲಿ, ಅದರ ನಿಯಮಗಳನ್ನಾಗಲಿ, ಸರ್ಕಾರ ಒಂದು ಭಾರತೀಯ ಭಾಷೆಯಲ್ಲಿ ಪ್ರಕಟಿಸಿಲ್ಲ ಅಂದರೆ, ಅಥವಾ ಪ್ರಕಟಿಸಿದ್ದೂ ಮಾರಾಟಕ್ಕೆ ಸಿಗ್ತಿಲ್ಲ ಅಂದರೆ, ಯಾರು ಬೇಕಾದರೂ ಆ ಭಾಷೆಗೆ ಅನುವಾದಿಸಿ ಅಚ್ಚು ಹಾಕಬಹುದು. ಷರತ್ತು ಒಂದೇ: ಇದು ಸರ್ಕಾರ ಅಧಿಕೃತವೆಂದು ಒಪ್ಪಿದ ಅನುವಾದವಲ್ಲ ಅಂತ ಎದ್ದು ಕಾಣುವ ಕಡೆ ಬರೆದಿರಬೇಕು. ಯಾರ ಅಪ್ಪಣೆಯೂ ಬೇಡ, ರಾಯಧನವೂ ಬೇಡ.

ಅಂದಮೇಲೆ ಉಳಿದಿರೋದು ಮನಸ್ಸು ಮತ್ತು ಹಣ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ನಮ್ಮ ಮಾತು ನೇರ. ನಮ್ಮೂರಿಗೆ ಶಾಮಿಯಾನ, ಶಾಲು, ಸ್ಮರಣ ಸಂಚಿಕೆ ಸಾಕು. ಒಂದು ಉತ್ಸವದ ಖರ್ಚಿನಲ್ಲಿ ರಾಜ್ಯಕ್ಕೊಂದರಂತೆ ಪದಕೋಶ ಬರಲಿ: ಒಂದು ಕಡೆ ತಂಡಪ್ಪೇರ್, ಫೇರ್‌ಫಾರ್, ಚಿಟ್ಟಾ, ಅಡಂಗಲ್, ಎದುರಿಗೆ ಕನ್ನಡದ ಅರ್ಥ. ಆಮೇಲೆ ಭೂಮಿ, ಪಂಚಾಯತು, ಬಾಡಿಗೆ, ನೋಂದಣಿ ಈ ನಾಲ್ಕರ ಕೈಪಿಡಿ. ಆಯಾ ರಾಜ್ಯದಲ್ಲೇ ವಕೀಲಿ ಮಾಡುವ ಕನ್ನಡಿಗರಿಂದಲೇ ಬರೆಸಿ, ಸಂಭಾವನೆ ಕೊಟ್ಟು ಬರೆಸಿ. ಪ್ರತಿ ವರ್ಷ ತಿದ್ದುಪಡಿ ಸೇರಿಸಿ. ಹಳೇ ಕಾನೂನಿನ ಪುಸ್ತಕ ಇಲ್ಲದ್ದಕ್ಕಿಂತ ಅಪಾಯ.

ಗಡಿ ತಾಲೂಕುಗಳ ವಕೀಲರ ಸಂಘಗಳಿಗೂ ಒಂದು ಮಾತು. ನಿಮ್ಮ ಗ್ರಂಥಾಲಯದಲ್ಲಿ ಒಂದು ಕನ್ನಡ ಅರೆ ಇಡಿ. ಕನ್ನಡ ಮಾತಾಡುವ ಕಕ್ಷಿದಾರರಿಂದಲೂ ನೀವು ಶುಲ್ಕ ತಗೊಳ್ತೀರಿ.

ಬಂಧುಗಳೇ, ನಿಮ್ಮ ಊರಿನ ದಾಖಲೆಯಲ್ಲಿ ನಿಮಗೆ ಅರ್ಥವಾಗದ ಪದ ಯಾವುದು? ಕೆಳಗೆ ಬರೀರಿ, ಯಾವ ರಾಜ್ಯ, ಯಾವ ಕಾಗದ ಅಂತಲೂ ಸೇರಿಸಿ. ದಾಖಲೆಯ ಫೋಟೋ, ಸರ್ವೆ ನಂಬರ್ ಹಾಕಬೇಡಿ, ಪದ ಸಾಕು. ಪದಕೋಶ ಯಾರೂ ಮಾಡಿಕೊಡದಿದ್ದರೆ ನಾವೇ ಶುರು ಮಾಡೋಣ.