ಬೈಯಪ್ಪನಹಳ್ಳಿಯಲ್ಲಿ ಜಿಯಾನ್, ಪುಣೆಯಲ್ಲಿ ಎಪಿಕ್: ನಮ್ಮ ಲ್ಯಾಬಿಗೆ ಯಾವುದು?

ಕ್ಯಾಂಟೀನ್‌ನಲ್ಲಿ ನಡೆಯೋ ಇಂಟೆಲ್–ಎಎಂಡಿ ಜಗಳಕ್ಕೂ ಆರ್‌ಸಿಬಿ–ಸಿಎಸ್‌ಕೆ ಜಗಳಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಯಾರೂ ಸೋಲು ಒಪ್ಪಲ್ಲ, ಯಾರೂ ಟೀಮ್ ಬದಲಿಸಲ್ಲ. ನಮ್ಮ ನಮ್ಮ ಲ್ಯಾಪ್‌ಟಾಪ್ ಮಟ್ಟಿಗಾದರೆ ಪರವಾಗಿಲ್ಲ, ದುಡ್ಡು ಅಪ್ಪಂದು, ತಲೆನೋವು ನಮ್ಮದು. ಆದರೆ ಈಗ ಡಿಪಾರ್ಟ್‌ಮೆಂಟ್ ಲ್ಯಾಬಿಗೆ ಹೊಸ ಸರ್ವರ್ ತರೋ ಮಾತು ನಡೀತಿದೆ. ಒಂದ್ಸಲ ಬಂದರೆ ಐದಾರು ವರ್ಷ ಅದೇ ಗತಿ. ನಾವು ಪಾಸ್ ಆಗಿ ಹೋದಮೇಲೂ ಜೂನಿಯರ್‌ಗಳು ಅದರ ಮುಂದೆಯೇ ಕ್ಯೂ ನಿಲ್ಲಬೇಕು. ಹಾಗಾಗಿ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಬ್ರ್ಯಾಂಡ್ ನೋಡಿ ತರೋದೂ ಬೇಡ, ಕೋರ್ ಎಣಿಸಿ ತರೋದೂ ಬೇಡ. ನಮ್ಮ ಕೆಲಸವನ್ನೇ ಅದರ ಮೇಲೆ ಓಡಿಸಿ, ಅಳೆದು ತರೋಣ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಕೆ.ಆರ್. ಪುರದಿಂದ ಇಂದಿರಾನಗರದ ಕಡೆಗೆ ಪರ್ಪಲ್ ಲೈನ್‌ನಲ್ಲಿ ಹೊರಟರೆ ನಡುವೆ ಬೈಯಪ್ಪನಹಳ್ಳಿ ಸಿಗುತ್ತೆ. ಅಲ್ಲೇ ಹಳೆ ಮದ್ರಾಸ್ ರಸ್ತೆಯಲ್ಲಿ ಸಿ-ಡ್ಯಾಕ್ ನಾಲೆಡ್ಜ್ ಪಾರ್ಕ್ ಇದೆ. ಬೆಂಗಳೂರು ಸಿ-ಡ್ಯಾಕ್‌ನ ಸೂಪರ್ ಕಂಪ್ಯೂಟರ್ ಪರಮ್ ಉತ್ಕರ್ಷ್, 838 ಟೆರಾಫ್ಲಾಪ್ಸ್‌ನದು. ಅದರ ಸಿಪಿಯು ನೋಡ್‌ಗಳಲ್ಲಿ ಇರೋದು ಇಂಟೆಲ್ ಜಿಯಾನ್ ಪ್ಲಾಟಿನಂ 8268. ಅದೇ ಸಿ-ಡ್ಯಾಕ್‌ನ ಪುಣೆ ಕೇಂದ್ರದಲ್ಲಿ ಪರಮ್ ಸಿದ್ಧಿ-ಎಐ ಇದೆ. 2020ರ ನವೆಂಬರ್‌ನ ಟಾಪ್ 500 ಪಟ್ಟಿಯಲ್ಲಿ 63ನೇ ಸ್ಥಾನ ಪಡೆದ ಯಂತ್ರ ಅದು. ಅದರಲ್ಲಿ ಇರೋದು ಎಎಂಡಿ ಎಪಿಕ್ 7742. ಒಂದೇ ಸಂಸ್ಥೆ, ಎರಡು ಊರು, ಎರಡು ಪ್ರೊಸೆಸರ್. ಹಾಗಾದರೆ ಯಾರು ಜಾಣರು, ಯಾರು ದಡ್ಡರು?

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ 2019ರಲ್ಲಿ ಬಂದವು. ಜಿಯಾನ್ 8268ರಲ್ಲಿ 24 ಕೋರ್, ಬೇಸ್ ಕ್ಲಾಕ್ 2.9 ಗಿಗಾಹರ್ಟ್ಸ್, 205 ವ್ಯಾಟ್, ಲಿಸ್ಟ್ ಪ್ರೈಸ್ 6,302 ಡಾಲರ್. ಎಪಿಕ್ 7742ರಲ್ಲಿ 64 ಕೋರ್, 2.25 ಗಿಗಾಹರ್ಟ್ಸ್, 225 ವ್ಯಾಟ್, 6,950 ಡಾಲರ್. ಕೋರ್ ಲೆಕ್ಕಕ್ಕೆ ಭಾಗಿಸಿದರೆ ಜಿಯಾನ್‌ನ ಒಂದು ಕೋರ್‌ಗೆ ಸುಮಾರು 263 ಡಾಲರ್, ಎಪಿಕ್‌ನದಕ್ಕೆ ಸುಮಾರು 109. ಇಲ್ಲಿಗೇ ನಿಲ್ಲಿಸಿದರೆ ಎಎಂಡಿ ಫ್ಯಾನ್‌ಗಳು ಪಟಾಕಿ ಹೊಡೀಬಹುದು.

ಆದರೆ ನಿಲ್ಲಿಸಬೇಡಿ. ಈ ಜಿಯಾನ್‌ನಲ್ಲಿ ಎವಿಎಕ್ಸ್-512 ಇದೆ. ಒಂದು ಕ್ಲಾಕ್ ಸೈಕಲ್‌ನಲ್ಲಿ ಒಂದು ಕೋರ್ 32 ಡಬಲ್ ಪ್ರಿಸಿಷನ್ ಲೆಕ್ಕ ಮಾಡಬಲ್ಲದು. ಎಪಿಕ್ 7742ರಲ್ಲಿ ಎವಿಎಕ್ಸ್-2 ಮಾತ್ರ, ಅಂದರೆ 16. ಈಗ ಕೋರ್, ಕ್ಲಾಕ್, ಇದು ಮೂರನ್ನೂ ಗುಣಿಸಿ. ಜಿಯಾನ್‌ಗೆ ಸುಮಾರು 2,227 ಗಿಗಾಫ್ಲಾಪ್ಸ್, ಎಪಿಕ್‌ಗೆ 2,304. ಕಾಗದದ ಮೇಲೆ ಹೆಚ್ಚುಕಮ್ಮಿ ಸಮ! 24 ಕೋರ್‌ಗೂ 64 ಕೋರ್‌ಗೂ ಪೀಕ್ ಒಂದೇ ಅಂದರೆ ಕೋರ್ ಎಣಿಸೋದು ಎಷ್ಟು ಮೋಸದ ಲೆಕ್ಕ ನೋಡಿ. ಪೀಕ್ ಕೂಡ ಮೋಸವೇ. ಎವಿಎಕ್ಸ್-512 ಜೋರಾಗಿ ಓಡುವಾಗ ಜಿಯಾನ್ ತನ್ನ ಕ್ಲಾಕ್ ಇಳಿಸಿಕೊಳ್ಳುತ್ತೆ. ನಮ್ಮ ಕೋಡ್ ಆ ಇನ್‌ಸ್ಟ್ರಕ್ಷನ್‌ಗಳನ್ನು ಬಳಸದೇ ಇದ್ದರಂತೂ ಅದು ಇದ್ದೂ ಇಲ್ಲದ ಹಾಗೆ.

ಇನ್ನೊಂದು ವಿಷಯ ಮೆಮೊರಿ. ಟಿನ್ ಫ್ಯಾಕ್ಟರಿ ಹತ್ತಿರ ಸಂಜೆ ಏಳಕ್ಕೆ ಸಿಕ್ಕಿಹಾಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿ ಎಷ್ಟೇ ಪವರ್‌ಫುಲ್ ಇರಲಿ, ಎಲ್ಲರೂ ಒಂದೇ ಕಡೆ ಬಂದು ಸೇರಿದರೆ ಕ್ಲಚ್ ಒತ್ತಿಕೊಂಡು ಕೂರಬೇಕು. ಜಿಯಾನ್‌ಗೆ ಆರು ಮೆಮೊರಿ ಚಾನೆಲ್, ಸೆಕೆಂಡಿಗೆ ಸುಮಾರು 141 ಗಿಗಾಬೈಟ್. ಎಪಿಕ್‌ಗೆ ಎಂಟು, ಸುಮಾರು 205 ಗಿಗಾಬೈಟ್. ಒಟ್ಟು ನೋಡಿದರೆ ಎಪಿಕ್ ಮುಂದೆ. ಆದರೆ ಅದನ್ನು 64 ಕೋರ್ ಹಂಚಿಕೊಳ್ಳಬೇಕು, ಒಬ್ಬೊಬ್ಬರಿಗೆ 3.2 ಗಿಗಾಬೈಟ್. ಜಿಯಾನ್‌ನಲ್ಲಿ ಒಂದು ಕೋರ್‌ಗೆ 5.9ರ ಹತ್ತಿರ. ಡೇಟಾ ಎಳೆದು ಎಳೆದು ಓಡೋ ಪ್ರೋಗ್ರಾಮ್‌ಗಳಲ್ಲಿ 64 ಕೋರ್ ಕೊಂಡು ಅರ್ಧವನ್ನು ಸುಮ್ಮನೆ ಕೂರಿಸೋ ಪರಿಸ್ಥಿತಿ ಬರಬಹುದು.

ಹಾಗಾದರೆ ಪುಣೆಗೆ ಎಪಿಕ್ ಹೇಗೆ ಬಂತು? ಪರಮ್ ಸಿದ್ಧಿ ಕಟ್ಟಿದ್ದು ಎನ್‌ವಿಡಿಯಾದ ಡಿಜಿಎಕ್ಸ್ ಎ100 ಯಂತ್ರಗಳಿಂದ. ಅಲ್ಲಿ ಮುಖ್ಯ ಕೆಲಸ ಜಿಪಿಯುದು, ಸಿಪಿಯು ಅದಕ್ಕೆ ಡೇಟಾ ತಂದು ಬಡಿಸೋ ಭಟ್ಟರ ಥರ. 7742ರಲ್ಲಿ ಪಿಸಿಐಇ 4.0 ಇತ್ತು, 128 ಲೇನ್ ಇತ್ತು. ಆಗಿನ ಜಿಯಾನ್‌ನಲ್ಲಿ ಪಿಸಿಐಇ 3.0, 48 ಲೇನ್. ಇಂಟೆಲ್ ಸರ್ವರ್ ಚಿಪ್‌ಗಳ ಐಸ್ ಲೇಕ್ ಸರಣಿಗೆ 4.0 ಬಂದಿದ್ದು 2021ರಲ್ಲಿ. ಅಂದರೆ ಪುಣೆಯ ಯಂತ್ರದಲ್ಲಿ ಎಪಿಕ್ ಇರೋದು "ಎಎಂಡಿ ಫಾಸ್ಟ್" ಅನ್ನೋದಕ್ಕಲ್ಲ, ಕೆಲಸಕ್ಕೆ ಹೊಂದುತ್ತೆ ಅನ್ನೋದಕ್ಕೆ.

ಬೆಲೆಯ ಕಥೆ ಇನ್ನೂ ಮಜಾ ಇದೆ. 2019ರ ಏಪ್ರಿಲ್‌ನಲ್ಲಿ ಇಂಟೆಲ್‌ನ 28 ಕೋರ್ ಜಿಯಾನ್ 8280ಗೆ 10,009 ಡಾಲರ್. ಆಗಸ್ಟ್‌ನಲ್ಲಿ ಎಪಿಕ್ 7742 ಬಂತು. 2020ರ ಫೆಬ್ರವರಿಯಲ್ಲಿ ಇಂಟೆಲ್ ಗೋಲ್ಡ್ 6258ಆರ್ ಬಿಟ್ಟಿತು: ಅದೇ 28 ಕೋರ್, ಅದೇ 2.7 ಗಿಗಾಹರ್ಟ್ಸ್, ಬೆಲೆ 3,950. ಎರಡು ಸಾಕೆಟ್‌ಗಿಂತ ದೊಡ್ಡ ಯಂತ್ರಕ್ಕೆ ಆಗಲ್ಲ ಅನ್ನೋದು ಬಿಟ್ಟರೆ ಹೆಚ್ಚುಕಮ್ಮಿ ಅದೇ ಸಾಮಾನು. ಪೈಪೋಟಿ ಬಂದ ಆರೇ ತಿಂಗಳಲ್ಲಿ ಹತ್ತು ಸಾವಿರದ ವಸ್ತು ನಾಲ್ಕು ಸಾವಿರಕ್ಕೆ! ಚೌಕಾಸಿ ಶಿವಾಜಿನಗರದ ಸಂತೆಯಲ್ಲಿ ಮಾತ್ರ ನಡೆಯೋದಲ್ಲ. ಇದರಿಂದ ಕಲಿಯೋದು ಒಂದೇ: ಎರಡೂ ಕಡೆಯವರಿಂದ ಕೊಟೇಶನ್ ತರಿಸದೆ ಆರ್ಡರ್ ಹಾಕಬಾರದು.

ಚಿಪ್ ಕೊಂಡಮೇಲೂ ಖರ್ಚು ಇದೆ. ವಿಎಂವೇರ್ 2020ರ ಏಪ್ರಿಲ್‌ನಲ್ಲಿ ನಿಯಮ ಬದಲಿಸಿ, ಒಂದು ಸಿಪಿಯು ಲೈಸೆನ್ಸ್ 32 ಕೋರ್‌ಗಳವರೆಗೆ ಮಾತ್ರ ಅಂದಿತು. ಆ ನಿಯಮದಲ್ಲಿ 64 ಕೋರ್ ಚಿಪ್‌ಗೆ ಎರಡು ಲೈಸೆನ್ಸ್ ಬೇಕಾಗ್ತಿತ್ತು, 24 ಕೋರ್‌ಗೆ ಒಂದೇ ಸಾಕಾಗ್ತಿತ್ತು. ನಾವು ಲಿನಕ್ಸ್, ಕೆವಿಎಂ ಹಾಕಿಕೊಂಡರೆ ಈ ತಲೆನೋವೇ ಇಲ್ಲ. ಕರೆಂಟ್‌ನದು ಅಷ್ಟು ದೊಡ್ಡ ವಿಷಯ ಅಲ್ಲ. 20 ವ್ಯಾಟ್ ವ್ಯತ್ಯಾಸ ವರ್ಷಪೂರ್ತಿ ಓಡಿದರೂ ಸುಮಾರು 175 ಯೂನಿಟ್.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಕನ್ನಡ ಸಂಘದ ಹಳೆ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ನಲ್ಲಿ ಓಸಿಆರ್ ಮಾಡೋ ಆಸೆ ನಮಗಿದೆ. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ, ಪ್ರತಿ ಕೋರ್‌ಗೂ ಒಂದೊಂದು ಪುಟ ಕೊಟ್ಟು ಕೂರಿಸಬಹುದು. ಇಲ್ಲಿ ಕೋರ್ ಜಾಸ್ತಿ ಇದ್ದಷ್ಟೂ ಲಾಭ. ವಿಎಲ್‌ಎಸ್‌ಐ ಕಡೆಯವರ ಕೆಲಸ ಬೇರೆ. ಒಂದು ಟೆಸ್ಟ್‌ಬೆಂಚ್‌ನ ಸಿಮ್ಯುಲೇಶನ್ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಓಡುತ್ತೆ, ಉಳಿದ 63 ಕೋರ್ ನೋಡ್ತಾ ಕೂರುತ್ತವೆ. ಮೆಷಿನ್ ಲರ್ನಿಂಗ್‌ನವರಿಗೆ ಜಿಪಿಯು ಹಾಕೋಕೆ ಲೇನ್ ಬೇಕು. ಮೂರು ಗುಂಪಿಗೂ "ಬೆಸ್ಟ್" ಒಂದೇ ಆಗೋದು ಹೇಗೆ?

"ಜಿಯಾನ್ ಅಂದರೆ ಸೇಫ್, ಸರ್ವಿಸ್ ಸಿಗುತ್ತೆ" ಅನ್ನೋ ಸರ್‌ಗಳ ಮಾತಿನಲ್ಲಿ ಹುರುಳಿಲ್ಲ ಅಂತ ನಾವು ಹೇಳಲ್ಲ. ಪರೀಕ್ಷೆ ಹಿಂದಿನ ದಿನ ಸರ್ವರ್ ಮಲಗಿದರೆ ಬೆಂಚ್‌ಮಾರ್ಕ್ ಬಂದು ಎಬ್ಬಿಸಲ್ಲ. ಆದರೆ ಆ ಸೇಫ್ಟಿಯನ್ನು ವಾರಂಟಿ ಷರತ್ತಿನಲ್ಲಿ ಬರೆಸಿಕೊಳ್ಳೋಣ, ಚಿಪ್ ಮೇಲಿನ ಸ್ಟಿಕ್ಕರ್‌ನಲ್ಲಿ ಹುಡುಕೋದು ಬೇಡ. ಇನ್ನು ಊರ ಅಭಿಮಾನ ಅಂದರೆ, 2008ರಲ್ಲಿ ಬಂದ ಆರು ಕೋರ್‌ನ ಜಿಯಾನ್ 7400 ವಿನ್ಯಾಸ ಆಗಿದ್ದು ಇದೇ ಬೆಂಗಳೂರಲ್ಲಿ. 2023ರಲ್ಲಿ ಎಎಂಡಿ ತನ್ನ ದೊಡ್ಡ ಡಿಸೈನ್ ಕ್ಯಾಂಪಸ್ ತೆರೆದಿದ್ದೂ ಇಲ್ಲೇ. ಅಭಿಮಾನದಿಂದಲೂ ತೀರ್ಮಾನ ಆಗಲ್ಲ ಬಿಡಿ.

ಮೇಲಿನ ಅಂಕಿಗಳು 2019ರ ಚಿಪ್‌ಗಳದು. 2022ರ ಜೆನೋವಾದಿಂದ ಎಎಂಡಿ ಸರ್ವರ್ ಚಿಪ್‌ನಲ್ಲೂ ಎವಿಎಕ್ಸ್-512 ಇದೆ, ಅಂದರೆ ಹಳೆ ವಾದ ಹಾಗೇ ತಂದು ಇಲ್ಲಿ ಹಾಕೋಕಾಗಲ್ಲ. ಅಂಕಿ ಬದಲಾದರೂ ಕೇಳಬೇಕಾದ ಪ್ರಶ್ನೆಗಳು ಅವೇ.

ಹಾಗಾಗಿ ನಮ್ಮ ಬೇಡಿಕೆ ಮೂರು. ಒಂದು, ಸ್ಪೆಸಿಫಿಕೇಶನ್‌ನಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಕೆಲಸ ಬರೆಯಿರಿ: ಇಷ್ಟು ಪುಟದ ಓಸಿಆರ್, ಈ ಸಿಮ್ಯುಲೇಶನ್, ಈ ಮಾಡೆಲ್ ಟ್ರೈನಿಂಗ್, ಇಷ್ಟು ನಿಮಿಷದೊಳಗೆ ಮುಗೀಬೇಕು. ಎರಡು, ಮಾರೋರಿಂದ ಎರಡೂ ಬಗೆಯ ಡೆಮೊ ಯಂತ್ರ ಕೇಳಿ ಅದನ್ನೇ ಓಡಿಸಿ ನೋಡಿ. ಮೂರು, ಬಂದ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕಿ, ಕನ್ನಡದಲ್ಲೂ ಹಾಕಿ. ಟೆಸ್ಟ್ ಸ್ಕ್ರಿಪ್ಟ್ ಬರೆಯೋಕೆ, ರಾತ್ರಿ ಕೂತು ರೀಡಿಂಗ್ ತಗೊಳ್ಳೋಕೆ ನಾವು ರೆಡಿ. ಆರ್ಡರ್ ಹೋಗೋಕೆ ಮುಂಚೆ ಒಂದು ಮಾತು ಹೇಳಿ, ಸಾಕು.