ನಗುತ್ತಾ ಸಾಯೋದಕ್ಕೂ ಒಂದು ಹಾಸಿಗೆ ಬೇಕು



‘ಆನಂದ್’ ಸಿನಿಮಾ ನೋಡಿ ಅಳದವರು ಕಡಿಮೆ. ನಾವೂ ಅತ್ತಿದ್ದೇವೆ. 1971ರಲ್ಲಿ ಹೃಷಿಕೇಶ ಮುಖರ್ಜಿ ತೆಗೆದ ಈ ಹಿಂದಿ ಚಿತ್ರದಲ್ಲಿ ನಾಯಕ ಆನಂದ್‌ಗೆ ಕರುಳಿನ ಕ್ಯಾನ್ಸರ್. ಉಳಿದಿರೋದು ಕೆಲವೇ ತಿಂಗಳು. ಅದು ಗೊತ್ತಿದ್ದೂ ರಾಜೇಶ್ ಖನ್ನಾ ಕಂಡಕಂಡವರನ್ನು ‘ಮುರಾರಿಲಾಲ್’ ಅಂತ ಕೂಗಿ ಮಾತಿಗೆಳೆಯುತ್ತಾನೆ. ತನ್ನ ರೋಗದ ಉದ್ದನೆಯ ಇಂಗ್ಲಿಷ್ ಹೆಸರನ್ನೇ ತಮಾಷೆ ಮಾಡಿ ನಗುತ್ತಾನೆ. ಸತ್ತ ಮೇಲೂ ಟೇಪ್ ರೆಕಾರ್ಡರಿನಿಂದ ಅವನ ದನಿ ಬಂದಾಗ ಗಂಟಲು ಕಟ್ಟುತ್ತದೆ.

ಆ ನಗುವಿನ ಮೇಲೆ ನಮಗೆ ಸಿಟ್ಟಿಲ್ಲ. ಸಾವಿನ ಮುಂದೆ ತಮಟೆ ಬಡಿದು ಕುಣಿದ ಜನ ನಾವು. ಸಾವನ್ನು ಹೀಗೆ ಎದುರಿಸಬಹುದು ಅಂತ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ಪ್ರಶ್ನೆ ಬೇರೆ.

ಚಿತ್ರದ ಮೊದಲ ಭಾಗ ನೆನಪು ಮಾಡಿಕೊಳ್ಳಿ. ಅಮಿತಾಭ್ ಬಚ್ಚನ್ ಮಾಡಿರುವ ಡಾಕ್ಟರ್ ಭಾಸ್ಕರ್ ಬ್ಯಾನರ್ಜಿ ಬಡವರಿಗೆ ಔಷಧಿ ಕೊಡಲು ಹೋಗುತ್ತಾನೆ. ಇವರ ರೋಗದ ಬೇರು ಬಡತನ, ಅದಕ್ಕೆ ತನ್ನ ಬಳಿ ಮದ್ದಿಲ್ಲ ಅಂತ ಒದ್ದಾಡುತ್ತಾನೆ. ಎಷ್ಟು ದೊಡ್ಡ ಸತ್ಯ! ಇಷ್ಟು ಹೇಳಿದ ಮೇಲೆ ಆನಂದ್ ಬರುತ್ತಾನೆ. ಅಲ್ಲಿಂದಾಚೆಗೆ ಆ ಬಡ ರೋಗಿಗಳ ಕಥೆ ಮುಂದುವರಿಯುವುದಿಲ್ಲ. ಅವರು ಬದುಕಿದರೋ ಸತ್ತರೋ ಯಾರೂ ಕೇಳುವುದಿಲ್ಲ.

ಆನಂದ್‌ನ ಸುತ್ತ ಯಾರಿದ್ದಾರೆ ನೋಡಿ. ಡಾಕ್ಟರ್ ಬ್ಯಾನರ್ಜಿ ಇದ್ದಾನೆ, ಡಾಕ್ಟರ್ ಕುಲಕರ್ಣಿ ಇದ್ದಾನೆ. ನಾಟಕದ ಈಸಾಭಾಯಿ, ಮೇಟ್ರನ್ ಡಿಸಾ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಅವನಿಗಾಗಿ ಮರುಗುತ್ತಾರೆ. ಒಳ್ಳೆಯದು. ಆದರೆ ಮೊದಲು ಕಂಡ ಆ ಬಡವರಲ್ಲಿ ಒಬ್ಬರಾದರೂ ಈ ಮಂಚದ ಹತ್ತಿರ ಬಂದು ನಿಲ್ಲಬಾರದಿತ್ತೇ? ಅವರ ಗುಡಿಸಲಲ್ಲಿ ಯಾರಿಗೂ ತಮಾಷೆ ಮಾಡೋದು ಬರೋದಿಲ್ಲವೇ?

ನಮ್ಮ ಕೇರಿಯ ಸಾವುಗಳನ್ನು ನೆನೆಯಿರಿ. ಆನಂದ್‌ನ ರೋಗಕ್ಕೆ ಹೆಸರಿತ್ತು. ನಮ್ಮವರ ರೋಗಕ್ಕೆ ಅದೂ ಇಲ್ಲ. ‘ಕೆಮ್ಮಿತ್ತು, ಹೋದ.’ ‘ಹೊಟ್ಟೆನೋವು ಅಂತಿದ್ಲು, ಹೋದ್ಲು.’ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಜೊತೆಗೆ ಹೋದವನ ಕೂಲಿಯೂ ಹೋಯಿತು. ಇನ್ನೆಷ್ಟು ತಿಂಗಳು ಅಂತ ಹೇಳುವ ಡಾಕ್ಟರೇ ಸಿಗದವನು ಆ ತಿಂಗಳುಗಳನ್ನು ನಗುತ್ತಾ ಕಳೆಯೋದು ಹೇಗೆ?

‘ಆನಂದ್’ ಬಂದ ಮರುವರ್ಷ, 1972ರಲ್ಲಿ, ಅದೇ ಬಾಂಬೆಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕವಿ ನಾಮದೇವ ಢಸಾಳರ ‘ಗೋಲ್‌ಪೀಠಾ’ ಸಂಕಲನವೂ ಅದೇ ವರ್ಷದ್ದು. ಸಿನಿಮಾ ಕೈಬಿಟ್ಟ ಬಾಂಬೆಯನ್ನು ಆ ಕವಿ ಬರೆದರು. ಮಾಂಸಖಂಡಗಳ ಬಲ ಕುಂದಿಸುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯನ್ನು ಅವರು ದಶಕಗಳ ಕಾಲ ಹೊತ್ತುಕೊಂಡೇ ಬರೆದರು. ಕೊನೆಗೆ 2014ರ ಜನವರಿ 15ರಂದು ತೀರಿಕೊಂಡಾಗ ಅವರನ್ನು ತಿಂದದ್ದೂ ಕರುಳಿನ ಕ್ಯಾನ್ಸರೇ. ಅವರ ಕಾವ್ಯ ಯಾರನ್ನೂ ಸಮಾಧಾನಪಡಿಸಲಿಲ್ಲ. ಬೈಯಿತು, ಉರಿಯಿತು.

ಅದಕ್ಕೇ ಹೇಳುತ್ತೇವೆ: ಕಾಯಿಲೆ ಬಿದ್ದವನು ಎಲ್ಲರಿಗೂ ಇಷ್ಟವಾಗುವಂತೆ ನಗುತ್ತಲೇ ಇರಬೇಕು ಅನ್ನೋ ಕಾನೂನಿಲ್ಲ. ಆನಂದ್‌ನನ್ನು ತೋರಿಸಿ ‘ನೋಡು, ಧೈರ್ಯ ಅಂದ್ರೆ ಇದು’ ಅಂತ ಬಡರೋಗಿಗೆ ಉಪದೇಶ ಮಾಡುವವರು ಮೊದಲು ಅವನ ಕೈಗೆ ಮಾತ್ರೆ ಕೊಡಲಿ. ಮದ್ದು ಕೊಡದೆ ಧೈರ್ಯ ಹೇಳುವುದು ಮೋಸ.

ಗೆಳೆಯರೇ, ಸಿನಿಮಾ ನೋಡಿ, ನಗಿ, ಅಳಿ. ಕಣ್ಣೊರೆಸಿಕೊಂಡ ಮೇಲೆ ನಿಮ್ಮ ಕೇರಿಯಲ್ಲಿ ಮಲಗಿರುವವರ ಹತ್ತಿರ ಹೋಗಿ ಕೂತುಕೊಳ್ಳಿ. ಅವರ ರೋಗದ ಹೆಸರೇನು ಅಂತ ಡಾಕ್ಟರನ್ನು ಕೇಳಿ, ಬರೆಸಿಕೊಳ್ಳಿ. ಔಷಧಿ ಇಲ್ಲ ಅಂದರೆ ಯಾಕಿಲ್ಲ ಅಂತ ಗುಂಪಾಗಿ ಹೋಗಿ ಕೇಳಿ. ನಮ್ಮವರಿಗೂ ಹಾಸಿಗೆ ಸಿಗಲಿ, ಮದ್ದು ಸಿಗಲಿ, ಪಕ್ಕದಲ್ಲಿ ಕೂರುವವರು ಸಿಗಲಿ. ಆಮೇಲೆ ನಗಬೇಕೋ, ಬೈಯಬೇಕೋ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ.