ಒಂದು ಟಿಎಂಸಿ ಅಂದ್ರ ಎಷ್ಟು ಕೊಡ?

ಮೊನ್ನೆ ಮಾನ್ವಿಯಲ್ಲಿ ಅತ್ತೆಯ ಮನೆಗೆ ಹೋಗಿದ್ದೆ. ಪೇಪರ್ ನೋಡ್ತಾ ಡ್ಯಾಮಿನಲ್ಲಿ ಇಷ್ಟು ಟಿಎಂಸಿ ನೀರಿದೆಯಂತೆ ಅಂದೆ. ಅತ್ತೆ ಒಳಗಿಂದಲೇ ಕೇಳಿದರು: "ಒಂದು ಟಿಎಂಸಿ ಅಂದ್ರ ಎಷ್ಟು ಕೊಡ ಆಗ್ತದಪಾ?"

ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ಟಿಎಂಸಿ ಹೆಸರಲ್ಲಿ ವಾದ ಮಾಡಿದವನು ನಾನು!

ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಒಟ್ಟು ಸುಮಾರು 2,832 ಕೋಟಿ ಲೀಟರ್. ಸಾವಿರ ಲೀಟರಿಗೆ ಒಂದು ಘನ ಮೀಟರಿನಂತೆ 2.83 ಕೋಟಿ ಘನ ಮೀಟರ್. ಅತ್ತೆಯ 15 ಲೀಟರ್ ಕೊಡದಲ್ಲಿ 189 ಕೋಟಿ ಕೊಡ!

ಲೀಟರಿಗೆ ಇಳಿಸಿದ ಮೇಲೆ ಬೇರೆ ವಿಷಯಗಳೂ ಕಾಣತೊಡಗಿದವು. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ ಸುಮಾರು 2.34 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ಅಂದರೂ ದಿನಕ್ಕೆ 3.16 ಕೋಟಿ ಲೀಟರ್ ಸಾಕು. ಆವಿ, ಸೋರಿಕೆ ಬಿಟ್ಟರೆ ಒಂದೇ ಟಿಎಂಸಿ ಹೆಚ್ಚುಕಮ್ಮಿ ಎರಡೂವರೆ ವರ್ಷ ಬರುತ್ತದೆ. ಅದೇ ಒಂದು ಟಿಎಂಸಿಯನ್ನು ಗದ್ದೆಗೆ ಒಂದು ಮೀಟರ್ ಆಳದ ಲೆಕ್ಕದಲ್ಲಿ ಹರಿಸಿದರೆ ಏಳು ಸಾವಿರ ಎಕರೆಗೆ ಮುಗಿಯಿತು.

ಇದು ಭತ್ತ ಬೆಳೆಯುವವರನ್ನು ಬೈಯಲು ಹೇಳಿದ್ದಲ್ಲ. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರಲ್ಲ, ಅದು ಟಿಎಂಸಿ ಕೊರತೆಯಿಂದ ಆದದ್ದಲ್ಲ. ಊರಿಗೆ ಬೇಕಾದ ನೀರು ಡ್ಯಾಮಿನ ಲೆಕ್ಕದಲ್ಲಿ ಚೂರು. ಕೊರತೆ ಇರುವುದು ಶುದ್ಧೀಕರಣದಲ್ಲಿ, ಪೈಪಿನಲ್ಲಿ. "ಡ್ಯಾಮಿನಲ್ಲಿ ನೀರಿಲ್ಲ" ಅನ್ನುವ ನೆಪ ಲೀಟರ್ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಕಾಲುವೆಯ ಕಥೆಯೂ ಹೀಗೆಯೇ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ, ಎರಡೂ ಕಡೆ ಮಾತು ಕ್ಯುಸೆಕ್‌ನಲ್ಲೇ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್, ದಿನಕ್ಕೆ 24.5 ಲಕ್ಷ ಲೀಟರ್. "ಬರೀ 100 ಕ್ಯುಸೆಕ್ ಕಡಿಮೆ" ಅಂದಾಗ ಸಣ್ಣದು ಅನಿಸುತ್ತದೆ. ಆದರೆ ಅದು ಒಂದೇ ದಿನಕ್ಕೆ 24.5 ಕೋಟಿ ಲೀಟರ್, ಅಂದರೆ ಇಡೀ ರಾಯಚೂರಿನ ಸುಮಾರು ಏಳೂಮುಕ್ಕಾಲು ದಿನದ ನೀರು. ಕಾಲುವೆಯ ಕೊನೆ ಭಾಗದ ರೈತ ಸುಮ್ಮನೆ ಕೂಗಾಡುವುದಿಲ್ಲ.

ಹೂಳಿನ ಲೆಕ್ಕವೂ ಅಷ್ಟೇ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಈಗ 105.788ಕ್ಕೆ ಇಳಿದಿದೆ. "27 ಟಿಎಂಸಿ ಹೋಯ್ತು" ಅಂದರೆ ಯಾರಿಗೂ ನಡುಕ ಬರುವುದಿಲ್ಲ. 76 ಕೋಟಿ ಘನ ಮೀಟರ್ ಜಾಗ ಹೋಯಿತು ಅನ್ನಿ, ಆಗ ನೋಡಿ.

ದೇಶದಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ಅದಾದ ಮೇಲೆ, 1973ರಲ್ಲಿ ಬಂದ ಬಚಾವತ್ ತೀರ್ಪೂ ಟಿಎಂಸಿಯಲ್ಲೇ ಇದೆ. ರಾಜ್ಯಗಳ ಪಾಲು ಆ ಲೆಕ್ಕದಲ್ಲಿರುವುದರಿಂದ ಇಂಜಿನಿಯರುಗಳು ಅದನ್ನು ಬಿಡಲಾರರು, ಬಿಡುವುದೂ ಬೇಡ. ಪಕ್ಕದಲ್ಲಿ ಲೀಟರನ್ನೂ ಬರೆಯಲಿ, ಅಷ್ಟೇ. ಹಾಲು, ಪೆಟ್ರೋಲು ಲೀಟರಿನಲ್ಲಿ ಕೊಳ್ಳುವ ಜನರಿಗೆ ತಮ್ಮ ನದಿಯ ಲೆಕ್ಕ ಮಾತ್ರ ಯಾಕೆ ಅರ್ಥವಾಗಬಾರದು?

ಅತ್ತೆಗೆ ಫೋನ್ ಮಾಡಿ 189 ಕೋಟಿ ಕೊಡ ಅಂದೆ. "ಹಂಗಾದ್ರ ನಮ್ಮ ನಳಕ್ಕ ಯಾಕ ಬರವಲ್ದು?" ಅಂದರು.

ನೀವೇನಂತೀರಿ?